92 ಮತ್ತು 203 ಕೂಡಿದರೆ 230

ಪಾಲಿಟೆಕ್ನಿಕ್ ಲ್ಯಾಬುಗಳಲ್ಲಿ ಹೊಸ ವಿದ್ಯಾರ್ಥಿಗಳನ್ನು ತಬ್ಬಿಬ್ಬು ಮಾಡುವ ಪ್ರಯೋಗವೊಂದಿದೆ. ಹಳೆಯ ಟ್ಯೂಬ್‌ಲೈಟಿನ ಭಾರದ ಚೋಕ್ ಒಂದನ್ನು, 200 ಓಮ್‌ಗೆ ಸರಿಸಿಟ್ಟ ರಿಯೋಸ್ಟಾಟ್ ಜೊತೆ ಸೀರೀಸಿನಲ್ಲಿ ಜೋಡಿಸಿ 230 ವೋಲ್ಟ್, 50 ಹರ್ಟ್ಸ್ ಸಪ್ಲೈಗೆ ಕೊಡುತ್ತಾರೆ. ಚೋಕಿನ ತಂತಿಯ ರೆಸಿಸ್ಟೆನ್ಸ್ 40 ಓಮ್, ಇಂಡಕ್ಟೆನ್ಸ್ 1.4 ಹೆನ್ರಿ ಎಂದಿಟ್ಟುಕೊಳ್ಳಿ; ಬಳಕೆಯ ಚೋಕುಗಳು ಇದರ ಆಸುಪಾಸಿನಲ್ಲೇ ಇರುತ್ತವೆ. ವೋಲ್ಟ್‌ಮೀಟರು ರಿಯೋಸ್ಟಾಟಿನ ತುದಿಗಳ ನಡುವೆ ಸುಮಾರು 92 ವೋಲ್ಟ್ ತೋರಿಸುತ್ತದೆ, ಚೋಕಿನ ತುದಿಗಳ ನಡುವೆ 203. ಕೂಡಿದರೆ 295. ಸಪ್ಲೈ ಇರುವುದೋ 230. ಮೀಟರೇ ಕೆಟ್ಟಿದೆ ಎಂದು ಪಕ್ಕದ ಟೇಬಲ್ಲಿನಿಂದ ಬೇರೊಂದನ್ನು ಎತ್ತಿಕೊಂಡು ಬರುವವರಿಗೇನೂ ಕೊರತೆಯಿಲ್ಲ.

ಮೀಟರ್ ಕೆಟ್ಟಿಲ್ಲ. ಕೂಡುವ ರೀತಿ ತಪ್ಪಾಗಿದೆ, ಅಷ್ಟೇ. ಆ ರೀತಿಯನ್ನು ಸರಿಪಡಿಸಲು ನಮ್ಮ ಪಠ್ಯಗಳು ಮೂರು ಬೇರೆ ಬೇರೆ ಅಧ್ಯಾಯಗಳಲ್ಲಿ ಮೂರು ಬಗೆಯ ಸೂತ್ರಗಳನ್ನು ಕೊಡುತ್ತವೆ. ಡಿಸಿ ಸ್ವಿಚ್ ಹಾಕಿದಾಗ ಪ್ರವಾಹ ಏರುವ ಸೂತ್ರ ಒಂದು ಕಡೆ, ಎಸಿಯ ಇಂಪಿಡೆನ್ಸ್ ತ್ರಿಕೋನ ಇನ್ನೊಂದು ಕಡೆ, ಎಂಜಿನಿಯರಿಂಗಿಗೆ ಬಂದ ಮೇಲೆ ಲಾಪ್ಲಾಸ್ ರೂಪಾಂತರ ಮತ್ತೊಂದು ಕಡೆ. ಮೂರನ್ನೂ ಬಾಯಿಪಾಠ ಮಾಡಿದವರಿಗೂ ಮೂರರ ಬೇರು ಒಂದೇ ಎಂಬುದು ಎಷ್ಟೋ ಸಲ ಹೊಳೆದಿರುವುದಿಲ್ಲ. ನನ್ನ ತಕರಾರು ಇರುವುದು ಅಲ್ಲಿ. ರೆಸಿಸ್ಟರ್–ಇಂಡಕ್ಟರ್ ಸರ್ಕ್ಯೂಟಿಗೆ ಇರುವುದು ಒಂದೇ ಸಮೀಕರಣ. ಕೊಟ್ಟ ವೋಲ್ಟೇಜ್ ಎರಡು ಪಾಲಾಗುತ್ತದೆ: ಒಂದು ಪಾಲು ಪ್ರವಾಹಕ್ಕೆ ತಕ್ಕಂತೆ ರೆಸಿಸ್ಟರಿನ ಮೇಲೆ, ಇನ್ನೊಂದು ಪಾಲು ಆ ಪ್ರವಾಹ ಬದಲಾಗುವ ವೇಗಕ್ಕೆ ತಕ್ಕಂತೆ ಇಂಡಕ್ಟರಿನ ಮೇಲೆ. ಉಳಿದದ್ದೆಲ್ಲ ಈ ಒಂದು ವಾಕ್ಯಕ್ಕೆ ನಾವು ಕೇಳುವ ಪ್ರಶ್ನೆಗಳು. ಸ್ವಿಚ್ ಈಗಷ್ಟೇ ಹಾಕಿದೆಯೋ, ಹಾಕಿ ಬಹಳ ಹೊತ್ತಾಗಿದೆಯೋ ಎಂಬುದರ ಮೇಲೆ ಯಾವ ವಿಧಾನ ಬೇಕೆಂಬುದು ತೀರ್ಮಾನವಾಗುತ್ತದೆ.

ರೆಸಿಸ್ಟರಿಗೆ ಈ ಕ್ಷಣ ಮಾತ್ರ ಗೊತ್ತು. ಈಗ ಎಷ್ಟು ಪ್ರವಾಹವೋ ಅಷ್ಟಕ್ಕೆ ತಕ್ಕ ವೋಲ್ಟೇಜ್. ಹಿಂದಿನದು ಮುಂದಿನದು ಅದಕ್ಕೆ ಬೇಡ. 1827ರಲ್ಲಿ ಗಿಯೋರ್ಗ್ ಓಮ್ ಬರೆದದ್ದು ಇಷ್ಟನ್ನೇ. ಇಂಡಕ್ಟರ್ ಹಾಗಲ್ಲ. ಅದು ಬೀಸುಕಲ್ಲಿನ ಜಾತಿಗೆ ಸೇರಿದ್ದು: ನಿಂತದ್ದನ್ನು ತಿರುಗಿಸಲು ಒತ್ತಡ ಬೇಕು, ತಿರುಗುತ್ತಿರುವುದನ್ನು ನಿಲ್ಲಿಸಲೂ ಅಷ್ಟೇ ಒತ್ತಡ ಬೇಕು, ಒಂದೇ ಸಮ ತಿರುಗುತ್ತಿದ್ದರೆ ಅದು ಏನನ್ನೂ ಕೇಳುವುದಿಲ್ಲ. ಕಾಯಿಲಿನಲ್ಲಿ ಹರಿಯುವ ಪ್ರವಾಹ ತನ್ನ ಸುತ್ತ ಕಾಂತಕ್ಷೇತ್ರವನ್ನು ಕಟ್ಟಿಕೊಂಡಿರುತ್ತದೆ, ಆ ಕ್ಷೇತ್ರದಲ್ಲಿ ಶಕ್ತಿ ಇರುತ್ತದೆ, ಶಕ್ತಿ ಒಮ್ಮೆಲೇ ಹುಟ್ಟುವುದೂ ಇಲ್ಲ, ಮಾಯವಾಗುವುದೂ ಇಲ್ಲ. ಹಾಗಾಗಿ ಇಂಡಕ್ಟರಿನ ಪ್ರವಾಹ ನೆಗೆಯಲಾರದು. ಅದರ ವೋಲ್ಟೇಜ್ ಎಷ್ಟು ಬೇಕಾದರೂ ನೆಗೆಯಬಹುದು. ಈ ಎರಡು ಮಾತು ಕೈಯಲ್ಲಿದ್ದರೆ ಅರ್ಧ ಲೆಕ್ಕಗಳನ್ನು ಪೆನ್ನು ಹಿಡಿಯದೆಯೇ ಮಾಡಬಹುದು.

ಈ ತಿಳಿವಳಿಕೆ ಬಂದದ್ದು ಕಿಡಿಯಿಂದ. ಮೈಕೆಲ್ ಫ್ಯಾರಡೆ 1831ರ ಆಗಸ್ಟಿನಲ್ಲಿ ಕಬ್ಬಿಣದ ಉಂಗುರಕ್ಕೆ ಎರಡು ಕಾಯಿಲ್ ಸುತ್ತಿ, ಒಂದರ ಪ್ರವಾಹ ಬದಲಾದರೆ ಇನ್ನೊಂದರಲ್ಲಿ ವೋಲ್ಟೇಜ್ ಹುಟ್ಟುವುದನ್ನು ಕಂಡರು. ಅತ್ತ ಅಮೆರಿಕದ ಆಲ್ಬನಿಯಲ್ಲಿ ಶಾಲಾ ಮಾಸ್ತರರಾಗಿದ್ದ ಜೋಸೆಫ್ ಹೆನ್ರಿ 1832ರಲ್ಲಿ ಒಂದು ವಿಚಿತ್ರವನ್ನು ವರದಿ ಮಾಡಿದರು. ಬ್ಯಾಟರಿಗೆ ಜೋಡಿಸಿದ ತಂತಿ ಗಿಡ್ಡವಾಗಿದ್ದರೆ ಅದನ್ನು ಬಿಡಿಸುವಾಗ ಹೇಳಿಕೊಳ್ಳುವಂಥ ಕಿಡಿ ಏಳುವುದಿಲ್ಲ. ಮೂವತ್ತು ನಲವತ್ತು ಅಡಿ ಉದ್ದವಿದ್ದರೆ ಏಳುತ್ತದೆ. ಅದೇ ತಂತಿಯನ್ನು ಸುರುಳಿ ಸುತ್ತಿದರೆ ಕಿಡಿ ಇನ್ನೂ ಜೋರಾಗುತ್ತದೆ. ಒಂದೇ ತಂತಿ ತನ್ನ ಮೇಲೆ ತಾನೇ ಪ್ರಭಾವ ಬೀರುತ್ತಿತ್ತು. 1834ರಲ್ಲಿ ಲೆಂಝ್ ಅದರ ದಿಕ್ಕನ್ನು ಹೇಳಿದರು: ಹುಟ್ಟುವ ವೋಲ್ಟೇಜ್ ಯಾವಾಗಲೂ ಬದಲಾವಣೆಗೆ ಅಡ್ಡಗಾಲು.

ಅಳತೆಯ ಸೂತ್ರ ಮಾತ್ರ ಯಾರೂ ನಿರೀಕ್ಷಿಸದ ಮನೆಯಿಂದ ಬಂತು. ಪ್ರಶ್ಯದ ಕೋನಿಗ್ಸ್‌ಬರ್ಗ್‌ನಲ್ಲಿ ವಿದ್ಯಾರ್ಥಿಯಾಗಿದ್ದಾಗಲೇ ಗುಸ್ತಾವ್ ಕಿರ್ಕಾಫ್ 1845ರಲ್ಲಿ ಸರ್ಕ್ಯೂಟಿನ ಪ್ರವಾಹ, ವೋಲ್ಟೇಜುಗಳ ಮೊತ್ತದ ಬಗ್ಗೆ ತಮ್ಮ ಎರಡು ನಿಯಮಗಳನ್ನು ಬರೆದಿದ್ದರು. ಕೆಲವೇ ವರ್ಷಗಳ ನಂತರ ಅದೇ ಊರಿನಲ್ಲಿ ಹರ್ಮನ್ ಹೆಲ್ಮ್‌ಹೋಲ್ಟ್ಸ್ ಶರೀರಕ್ರಿಯಾಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. ಅವರಿಗೆ ಬೇಕಿದ್ದದ್ದು ನರಗಳಲ್ಲಿ ಸಂದೇಶ ಓಡುವ ವೇಗ. ಕಪ್ಪೆಯ ನರಕ್ಕೆ ವಿದ್ಯುತ್ ಹೊಡೆತ ಕೊಟ್ಟು ಕಾಲ ಅಳೆಯಬೇಕಾದರೆ, ಆ ಹೊಡೆತವೇ ಏಳಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಮೊದಲು ಗೊತ್ತಾಗಬೇಕಲ್ಲ! 1851ರಲ್ಲಿ ಅವರು ಕಾಯಿಲಿನ ಪ್ರವಾಹ ಏರುವ, ಇಳಿಯುವ ರೇಖೆಯನ್ನು ಗಣಿತದಲ್ಲಿ ಬರೆದು ಪ್ರಯೋಗದಿಂದ ಹೊಂದಿಸಿ ತೋರಿಸಿದರು. ಇವತ್ತು ನಾವು ಕಲಿಯುವ ಘಾತೀಯ ರೇಖೆ ಅದೇ.

ನಮ್ಮ ಚೋಕನ್ನೇ ಒಂದು 12 ವೋಲ್ಟ್ ಬ್ಯಾಟರಿಗೆ ಹಚ್ಚೋಣ. ಸ್ವಿಚ್ ಹಾಕಿದ ಕ್ಷಣದಲ್ಲಿ ಪ್ರವಾಹ ಸೊನ್ನೆ. ನೆಗೆಯಲಾರದಾದ್ದರಿಂದ ಸೊನ್ನೆಯಾಗಿಯೇ ಶುರುವಾಗಬೇಕು. ರೆಸಿಸ್ಟೆನ್ಸಿನ ಪಾಲೂ ಸೊನ್ನೆ. ಹಾಗಾದರೆ 12 ವೋಲ್ಟೂ ಇಂಡಕ್ಟೆನ್ಸಿನ ಮೇಲೆ. ಪ್ರವಾಹ ಸೆಕೆಂಡಿಗೆ 12 ಭಾಗಿಸು 1.4, ಅಂದರೆ 8.6 ಆಂಪಿಯರ್ ವೇಗದಲ್ಲಿ ಏರಲು ಹೊರಡುತ್ತದೆ. ಬಹಳ ಹೊತ್ತಿನ ಮೇಲೆ ಏನಾಗುತ್ತದೆ? ಪ್ರವಾಹ ನೆಲೆ ನಿಂತಿರುತ್ತದೆ, ಬದಲಾವಣೆ ಇಲ್ಲ, ಇಂಡಕ್ಟೆನ್ಸಿನ ಪಾಲು ಸೊನ್ನೆ. 12 ಭಾಗಿಸು 40, ಅಂದರೆ 0.3 ಆಂಪಿಯರ್. ಆದಿ ಅಂತ್ಯ ಎರಡೂ ಸಿಕ್ಕವು. ನಡುವಿನ ದಾರಿಯನ್ನು ಹೇಳುವುದು ಇಂಡಕ್ಟೆನ್ಸನ್ನು ರೆಸಿಸ್ಟೆನ್ಸಿನಿಂದ ಭಾಗಿಸಿದಾಗ ಬರುವ ಕಾಲಸ್ಥಿರಾಂಕ: 1.4 ಭಾಗಿಸು 40, ಅಂದರೆ 35 ಮಿಲಿಸೆಕೆಂಡ್. ಅಷ್ಟು ಹೊತ್ತಿಗೆ ಪ್ರವಾಹ ಅಂತಿಮ ಮೌಲ್ಯದ ಶೇ. 63.2ಕ್ಕೆ, ಅಂದರೆ 0.19 ಆಂಪಿಯರಿಗೆ ಮುಟ್ಟುತ್ತದೆ. ಐದು ಪಟ್ಟು ಹೊತ್ತಿಗೆ ಶೇ. 99 ದಾಟಿ ಏರಿಕೆ ಮುಗಿದಂತೆಯೇ. ಪರೀಕ್ಷೆಯಲ್ಲಿ ಕೇಳುವ ಹೆಚ್ಚಿನ ಡಿಸಿ ಲೆಕ್ಕಗಳಿಗೆ ಈ ಮೂರು ಸಂಖ್ಯೆ ಸಾಕು: ಎಲ್ಲಿಂದ ಹೊರಟಿತು, ಎಲ್ಲಿಗೆ ಹೋಗುತ್ತದೆ, ಎಷ್ಟು ಹೊತ್ತಿನಲ್ಲಿ. ಸರ್ಕ್ಯೂಟಿನಲ್ಲಿ ಹತ್ತು ರೆಸಿಸ್ಟರ್ ಇದ್ದರೂ ಇಂಡಕ್ಟರ್ ಒಂದೇ ಆಗಿದ್ದರೆ, ಅದರ ಕಣ್ಣಿಗೆ ಉಳಿದದ್ದೆಲ್ಲ ಒಂದು ಬ್ಯಾಟರಿ, ಒಂದು ರೆಸಿಸ್ಟರ್ ಆಗಿ ಕಾಣುತ್ತದೆ. ಥೆವೆನಿನ್ ಪ್ರಮೇಯದ ಉಪಯೋಗ ಅಲ್ಲಿ.

ಸ್ವಿಚ್ ತೆಗೆಯುವಾಗಿನ ಕಥೆ ಹೆಚ್ಚು ಸ್ವಾರಸ್ಯದ್ದು. 0.3 ಆಂಪಿಯರ್ ಹರಿಯುತ್ತಿದೆ, ಅದು ನೆಗೆಯಲಾರದು, ಆದರೆ ದಾರಿ ಕತ್ತರಿಸಿದ್ದೇವೆ. ಸಿಕ್ಕ ದಾರಿಯಲ್ಲಿ ಅದು ಹರಿದೇ ತೀರಬೇಕು. ಕಾಯಿಲಿಗೆ ಅಡ್ಡಲಾಗಿ 10,000 ಓಮಿನ ರೆಸಿಸ್ಟರ್ ಇದ್ದರೆ ಮೊದಲ ಕ್ಷಣದಲ್ಲಿ ಅದರ ಮೇಲೆ 0.3 ಗುಣಿಸು 10,000, ಅಂದರೆ 3,000 ವೋಲ್ಟ್! ಬ್ಯಾಟರಿ ಬರೀ 12 ವೋಲ್ಟಿನದು. ಏನೂ ಇಲ್ಲದಿದ್ದರೆ ಸ್ವಿಚ್ಚಿನ ನಡುವಿನ ಗಾಳಿಯೇ ಸೀಳಿ ಕಿಡಿಯಾಗುತ್ತದೆ. ಕಾಯಿಲಿಗೆ ಅಡ್ಡಲಾಗಿ ಸಣ್ಣ ನಿಯಾನ್ ಬಲ್ಬ್ ಹಚ್ಚಿ ನೋಡಿದರೆ ಇದು ಕಣ್ಣಿಗೇ ಕಾಣುತ್ತದೆ. ಹೊತ್ತಿಕೊಳ್ಳಲು ಆ ಬಲ್ಬಿಗೆ ಎಂಬತ್ತು ತೊಂಬತ್ತು ವೋಲ್ಟಾದರೂ ಬೇಕು. ಸ್ವಿಚ್ ಹಾಕುವಾಗ ಕತ್ತಲು; ತೆಗೆಯುವಾಗ ಕಿತ್ತಳೆ ಬಣ್ಣದ ಮಿಂಚು. ಆ ಹೊತ್ತು ಬರಿಗೈಯಲ್ಲಿ ತುದಿ ಹಿಡಿದುಕೊಂಡವರು 12 ವೋಲ್ಟಿನ ಬ್ಯಾಟರಿ ಹೊಡೆಯಿತೆಂದು ಹೇಳಿದರೆ ಯಾರೂ ನಂಬುವುದಿಲ್ಲ, ಆದರೆ ಹೊಡೆದದ್ದು ನಿಜ.

ರಿಲೇ ಓಡಿಸುವ ಟ್ರಾನ್ಸಿಸ್ಟರುಗಳು ಸುಡುವುದು ಹೀಗೆ. ಅದಕ್ಕೇ ರಿಲೇ ಕಾಯಿಲಿಗೆ ತಲೆಕೆಳಗಾಗಿ ಡಯೋಡ್ ಹಾಕುವ ರೂಢಿ. ಪ್ರವಾಹಕ್ಕೆ ಸುಲಭದ ದಾರಿ ಸಿಗುತ್ತದೆ, ವೋಲ್ಟೇಜ್ 0.7ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಆದರೆ ಇದಕ್ಕೂ ಬೆಲೆ ಇದೆ, ಅದನ್ನು ಕಲಿಸುವವರು ಕಡಿಮೆ. ವೋಲ್ಟೇಜ್ ಕಡಿಮೆಯಾದರೆ ಪ್ರವಾಹ ಇಳಿಯುವ ವೇಗವೂ ಕಡಿಮೆ. ರಿಲೇ ಬಿಡಿಸಿಕೊಳ್ಳುವುದು ತಡವಾಗುತ್ತದೆ, ಕಾಂಟ್ಯಾಕ್ಟುಗಳು ಮೆಲ್ಲಗೆ ಬೇರ್ಪಟ್ಟು ಸವೆಯುತ್ತವೆ. ಬೇಗ ಬಿಡಬೇಕಾದ ಕಡೆ ಡಯೋಡಿನ ಜೊತೆ ಝೀನರ್ ಸೇರಿಸಿ, ಟ್ರಾನ್ಸಿಸ್ಟರ್ ತಾಳುವಷ್ಟು ವೋಲ್ಟೇಜಿಗೆ ಬೇಕೆಂತಲೇ ಅವಕಾಶ ಕೊಡುತ್ತಾರೆ.

ಇನ್ನು ಎಸಿ. ವೋಲ್ಟೇಜ್ ಸೈನ್ ಅಲೆಯಾಗಿ ಏರಿಳಿಯುತ್ತಿದ್ದರೆ ಪ್ರವಾಹವೂ, ಆರಂಭದ ಗೊಂದಲ ತಣಿದ ಮೇಲೆ, ಅದೇ ಲಯದ ಸೈನ್ ಅಲೆ. ಸೈನ್ ಅಲೆ ಅತಿ ವೇಗವಾಗಿ ಬದಲಾಗುವುದು ಸೊನ್ನೆಯನ್ನು ದಾಟುವಾಗ, ಬದಲಾಗದೆ ನಿಲ್ಲುವುದು ಶಿಖರದಲ್ಲಿ. ಹಾಗಾಗಿ ಇಂಡಕ್ಟೆನ್ಸಿನ ವೋಲ್ಟೇಜ್ ಶಿಖರ ಮುಟ್ಟುವುದು ಪ್ರವಾಹ ಸೊನ್ನೆಯಲ್ಲಿರುವಾಗ. ಕಾಲು ಸೈಕಲ್ ಮುಂದೆ. ರೆಸಿಸ್ಟರಿನ ವೋಲ್ಟೇಜ್ ಪ್ರವಾಹದ ಜೊತೆಜೊತೆಗೇ. ಎರಡರ ಶಿಖರಗಳು ಒಂದೇ ಕ್ಷಣದಲ್ಲಿ ಬರುವುದಿಲ್ಲ ಎಂದ ಮೇಲೆ ಅವುಗಳ ಮೀಟರ್ ಓದುಗಳನ್ನು ನೇರ ಕೂಡುವುದರಲ್ಲಿ ಅರ್ಥವಿಲ್ಲ. ಕ್ಷಣ ಕ್ಷಣಕ್ಕೂ ಕೂಡಿದರೆ ಮೊತ್ತ ಸಪ್ಲೈಗೆ ಸರಿಯಾಗಿಯೇ ಇರುತ್ತದೆ; ಕಿರ್ಕಾಫ್ ಹೇಳಿದ್ದೂ ಕ್ಷಣದ ಮೊತ್ತವನ್ನೇ. ಮೀಟರು ತೋರಿಸುವುದು ಕ್ಷಣವನ್ನಲ್ಲ, ಇಡೀ ಸೈಕಲ್ಲಿನ ಒಂದು ಬಗೆಯ ಸರಾಸರಿಯನ್ನು, ಆರ್‌ಎಂಎಸ್ ಮೌಲ್ಯವನ್ನು.

ಕಾಲು ಸೈಕಲ್ ಅಂತರವನ್ನು ಲಂಬಕೋನವಾಗಿ ಬರೆದುಕೊಂಡರೆ (ಫೇಸರ್ ಚಿತ್ರ ಎಂದರೆ ಇದೇ) ಲೆಕ್ಕ ಪೈಥಾಗೊರಸ್ ಆಗುತ್ತದೆ. ಚೋಕಿನ ಇಂಡಕ್ಟೆನ್ಸ್ ಎಸಿಗೆ ಒಡ್ಡುವ ಅಡ್ಡಿ, ಅಂದರೆ ರಿಯಾಕ್ಟೆನ್ಸ್, 2 ಗುಣಿಸು ಪೈ ಗುಣಿಸು 50 ಗುಣಿಸು 1.4, ಅಂದರೆ 440 ಓಮ್. ಒಟ್ಟು ರೆಸಿಸ್ಟೆನ್ಸ್ 240. ಎರಡರ ವರ್ಗಗಳ ಮೊತ್ತದ ವರ್ಗಮೂಲ, ಅಂದರೆ ಇಂಪಿಡೆನ್ಸ್, 501 ಓಮ್. 230 ಭಾಗಿಸು 501, ಅಂದರೆ 0.459 ಆಂಪಿಯರ್. ಇದನ್ನು 200ರಿಂದ ಗುಣಿಸಿದರೆ 92 ವೋಲ್ಟ್. ಚೋಕಿನ ಇಂಪಿಡೆನ್ಸ್ 442 ಓಮ್. ಅದರ ಮೇಲೆ 203 ವೋಲ್ಟ್. ಪ್ರವಾಹ ಸಪ್ಲೈ ವೋಲ್ಟೇಜಿಗಿಂತ ಸುಮಾರು 61 ಡಿಗ್ರಿ ಹಿಂದೆ.

ಈ ಸಲೀಸುತನ ಮೊದಲಿನಿಂದ ಇರಲಿಲ್ಲ. 1880ರ ದಶಕದಲ್ಲಿ ಎಸಿ ಸರ್ಕ್ಯೂಟ್ ಎಂದರೆ ಪ್ರತಿ ಸಲವೂ ಡಿಫರೆನ್ಷಿಯಲ್ ಸಮೀಕರಣ ಬಿಡಿಸುವ ಶಿಕ್ಷೆ. ಲಂಡನ್ನಿನಲ್ಲಿ ಆಲಿವರ್ ಹೆವಿಸೈಡ್ ಎಂಬ ಒಂಟಿ ಮನುಷ್ಯ, ಯಾವ ಕಾಲೇಜಿನ ಪದವಿಯೂ ಇಲ್ಲದವರು, ಬದಲಾವಣೆಯ ವೇಗವನ್ನೇ ಒಂದು ಸಂಖ್ಯೆಯಂತೆ ಕೂಡಿ ಕಳೆದು ಗುಣಿಸುವ ಧೈರ್ಯ ಮಾಡಿದರು. ಗಣಿತಜ್ಞರು ಮೂಗು ಮುರಿದರು. ಉತ್ತರಗಳು ಮಾತ್ರ ಸರಿ ಬರುತ್ತಿದ್ದವು. ನಂತರದವರು ಅದಕ್ಕೆ ಲಾಪ್ಲಾಸ್ ರೂಪಾಂತರದ ಬುನಾದಿ ಹಾಕಿ ಮರ್ಯಾದಸ್ಥವಾಗಿಸಿದರು. 1893ರ ಆಗಸ್ಟಿನಲ್ಲಿ ಚಿಕಾಗೋದಲ್ಲಿ ನಡೆದ ಅಂತರರಾಷ್ಟ್ರೀಯ ವಿದ್ಯುತ್ ಸಮ್ಮೇಳನದಲ್ಲಿ ಚಾರ್ಲ್ಸ್ ಸ್ಟೈನ್‌ಮೆಟ್ಜ್ ಎಸಿಯ ವೋಲ್ಟೇಜ್, ಪ್ರವಾಹಗಳನ್ನು ಸಂಕೀರ್ಣ ಸಂಖ್ಯೆಗಳಾಗಿ ಬರೆಯುವ ವಿಧಾನವನ್ನು ಮಂಡಿಸಿದರು. ಅದೇ ವರ್ಷ ಆರ್ಥರ್ ಕೆನೆಲಿ ಕೂಡ ಅದೇ ದಾರಿ ತೋರಿದ್ದರು. ಇಂಡಕ್ಟೆನ್ಸಿನ ಮಾನಕ್ಕೆ ಹೆನ್ರಿಯ ಹೆಸರು ನಿಂತದ್ದೂ ಆ ಸಮ್ಮೇಳನದಲ್ಲೇ. ಅಂದಿನಿಂದ ಓಮನ ನಿಯಮ ಎಸಿಗೂ ಒಗ್ಗಿತು. ರೆಸಿಸ್ಟೆನ್ಸ್ ಇದ್ದಲ್ಲಿ ಇಂಪಿಡೆನ್ಸ್ ಬರೆದರೆ ಮುಗಿಯಿತು.

ಸ್ಟೈನ್‌ಮೆಟ್ಜ್ ಆ ಹೊತ್ತಿಗೆ ಜನರಲ್ ಎಲೆಕ್ಟ್ರಿಕ್ ಕಂಪನಿಯ ಎಂಜಿನಿಯರ್. ಒಂಬತ್ತು ವರ್ಷಗಳ ನಂತರ, 1902ರಲ್ಲಿ, ಅದೇ ಕಂಪನಿಯ ವಿದ್ಯುತ್ ಯಂತ್ರಗಳು ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿಲೋಮೀಟರ್ ತಂತಿಯ ಮೇಲೆ ಕರೆಂಟ್ ಕಳಿಸಿದವು. ಅಷ್ಟುದ್ದದ ತಂತಿಯನ್ನು ಬರಿಯ ರೆಸಿಸ್ಟರ್ ಎಂದು ಎಣಿಸಿದರೆ ಗಣಿಯ ತುದಿಯಲ್ಲಿ ಎಷ್ಟು ವೋಲ್ಟ್ ಉಳಿಯುತ್ತದೆಂಬ ಲೆಕ್ಕ ತಪ್ಪುತ್ತದೆ. ತಂತಿಗಳ ನಡುವಿನ ಕಾಂತಕ್ಷೇತ್ರದಿಂದಾಗಿ ಪ್ರತಿ ಕಿಲೋಮೀಟರಿಗೂ ಒಂದಿಷ್ಟು ಇಂಡಕ್ಟೆನ್ಸ್ ಇದ್ದೇ ಇರುತ್ತದೆ. ಟ್ಯೂಬ್‌ಲೈಟಿನ ಚೋಕಿಗೂ ಕಾವೇರಿಯ ಲೈನಿಗೂ ಹಾಳೆಯ ಮೇಲೆ ಬರೆಯುವ ಚಿತ್ರ ಒಂದೇ.

ಅಂದಹಾಗೆ, ಟ್ಯೂಬನ್ನೇ ಬಿಟ್ಟು ನಾನು ರಿಯೋಸ್ಟಾಟ್ ಹಿಡಿದದ್ದಕ್ಕೆ ಕಾರಣವಿದೆ. ಟ್ಯೂಬನ್ನು ಶುದ್ಧ ರೆಸಿಸ್ಟರ್ ಎಂದು ಭಾವಿಸಿ ಲೆಕ್ಕ ಕೊಡುವ ಪುಸ್ತಕಗಳಿವೆ. 36 ವ್ಯಾಟಿನ ಟ್ಯೂಬಿನ ಮೇಲೆ ಸುಮಾರು 103 ವೋಲ್ಟ್, ಒಳಗೆ 0.43 ಆಂಪಿಯರ್, ಗುಣಿಸಿದರೆ 44 ಬರುತ್ತದೆ, 36 ಅಲ್ಲ. ಅನಿಲದ ಮೂಲಕ ಹರಿಯುವ ವಿದ್ಯುತ್ತು ಪ್ರತಿ ಅರ್ಧ ಸೈಕಲ್ಲಿಗೂ ಆರಿ ಮತ್ತೆ ಹೊತ್ತಬೇಕು, ವೋಲ್ಟೇಜಿನ ಅಲೆ ಸೈನ್ ಆಗಿ ಉಳಿಯುವುದಿಲ್ಲ. ಅಗ್ಗದ ಮಲ್ಟಿಮೀಟರುಗಳು ಸೈನ್ ಅಲೆಯನ್ನೇ ನಂಬಿಕೊಂಡು ಅಂಕಿ ತೋರಿಸುತ್ತವೆ. ಆ ಓದಿನಲ್ಲಿ ಫೇಸರ್ ಚಿತ್ರ ಬರೆದರೆ ತ್ರಿಕೋನ ಮುಚ್ಚುವುದಿಲ್ಲ. ತಪ್ಪು ವಿದ್ಯಾರ್ಥಿಯದಲ್ಲ.

ಲ್ಯಾಬಿನ ಆ ಪ್ರಯೋಗಕ್ಕೆ ಮೂರು ವೋಲ್ಟ್‌ಮೀಟರ್ ವಿಧಾನ ಎಂದು ಹೆಸರು. ಆಸಿಲೋಸ್ಕೋಪ್ ಇಲ್ಲದೆ, ವ್ಯಾಟ್‌ಮೀಟರ್ ಇಲ್ಲದೆ, ಬರೀ ಮೂರು ಓದುಗಳಿಂದ ಚೋಕಿನ ಒಳಗನ್ನು ಅಳೆಯುವ ಚಮತ್ಕಾರ ಅದು. ಸಪ್ಲೈಯ ವರ್ಗದಿಂದ ಉಳಿದೆರಡರ ವರ್ಗಗಳನ್ನು ಕಳೆದು, ಆ ಎರಡರ ಗುಣಲಬ್ಧದ ಇಮ್ಮಡಿಯಿಂದ ಭಾಗಿಸಿದರೆ ಚೋಕಿನ ಪವರ್ ಫ್ಯಾಕ್ಟರ್ ಸಿಗುತ್ತದೆ. ನಮ್ಮ ಅಂಕಿಗಳನ್ನು ದಶಮಾಂಶ ಬಿಡದೆ ಹಾಕಿದರೆ 0.09, 40 ಭಾಗಿಸು 442 ಕೂಡ ಅಷ್ಟೇ. ಸುಂದರವಾಗಿದೆ, ಆದರೆ ನಂಬಿ ಕೂರುವಂತಿಲ್ಲ. 52,900ರಿಂದ 49,500ನ್ನು ಕಳೆಯುತ್ತಿದ್ದೇವೆ, ಉಳಿಯುವುದು 3,400ರಷ್ಟು. ಸಪ್ಲೈಯ ಓದಿನಲ್ಲಿ ಒಂದೇ ಒಂದು ವೋಲ್ಟ್ ಆಚೀಚೆಯಾದರೆ ಆ ಶೇಷದಲ್ಲಿ 460ರ ವ್ಯತ್ಯಾಸ. ಚೋಕಿನ ರೆಸಿಸ್ಟೆನ್ಸಿನ ಅಂದಾಜು ಶೇ. 13ಕ್ಕೂ ಹೆಚ್ಚು ತಪ್ಪುತ್ತದೆ. ಹಳ್ಳಿಯ ಕಾಲೇಜಿನಲ್ಲಿ ಪಂಪ್‌ಸೆಟ್ ಶುರುವಾದ ಕೂಡಲೇ ವೋಲ್ಟೇಜ್ ಎಂಟು ಹತ್ತು ಇಳಿಯುವುದುಂಟು. ಮೂರು ಓದುಗಳನ್ನು ಒಂದಾದ ಮೇಲೊಂದು ತೆಗೆದುಕೊಳ್ಳುವ ವಿದ್ಯಾರ್ಥಿಗೆ ಋಣ ರೆಸಿಸ್ಟೆನ್ಸ್ ಬಂದರೂ ಆಶ್ಚರ್ಯವಿಲ್ಲ. ರೆಸಿಸ್ಟೆನ್ಸನ್ನು ಡಿಸಿಯಲ್ಲಿ ಬೇರೆ ಅಳೆದುಕೊಳ್ಳಿ ಎಂಬ ಸಲಹೆಯೂ ಪೂರ್ತಿ ಸರಿಯಲ್ಲ, ಏಕೆಂದರೆ ಎಸಿಯಲ್ಲಿ ಕಬ್ಬಿಣದ ಕೋರ್ ಕಾಯುವ ನಷ್ಟವೂ ರೆಸಿಸ್ಟೆನ್ಸಿನ ವೇಷದಲ್ಲೇ ಬರುತ್ತದೆ.

ಪವರ್ ವಿಚಾರಕ್ಕೆ ಬಂದರೆ, ಸಪ್ಲೈಯಿಂದ ನೋಡಿದಾಗ 230 ಗುಣಿಸು 0.459, ಅಂದರೆ 106 ವೋಲ್ಟ್–ಆಂಪಿಯರ್. ನಿಜವಾಗಿ ಶಾಖವಾಗಿ ಹೋಗುವುದು 51 ವ್ಯಾಟ್ ಮಾತ್ರ. ಉಳಿದದ್ದು ಸೈಕಲ್ಲಿಗೆ ಎರಡು ಸಲ ಕಾಂತಕ್ಷೇತ್ರಕ್ಕೆ ಹೋಗಿ ಎರಡು ಸಲ ಮರಳಿ ಬರುವ ಶಕ್ತಿ. ಮನೆಯ ಮೀಟರಿಗೆ ಅದರ ಲೆಕ್ಕವಿಲ್ಲ, ಆದರೆ ಅದನ್ನು ಹೊತ್ತು ತರುವ ತಂತಿ, ಟ್ರಾನ್ಸ್‌ಫಾರ್ಮರುಗಳಿಗೆ ಇದೆ. ಹಳೆಯ ಟ್ಯೂಬ್ ಪಟ್ಟಿಗಳಲ್ಲಿ ಒಂದು ಕೆಪಾಸಿಟರ್ ಇರುತ್ತಿದ್ದುದು ಅದಕ್ಕೇ. ನಮ್ಮ ಸರ್ಕ್ಯೂಟಿಗೆ ಅಡ್ಡಲಾಗಿ ಸುಮಾರು 4 ಮೈಕ್ರೋಫ್ಯಾರಡ್ ಹಾಕಿದರೆ ಪವರ್ ಫ್ಯಾಕ್ಟರ್ 0.48ರಿಂದ 0.9ಕ್ಕೆ ಏರುತ್ತದೆ, ಲೈನಿನ ಪ್ರವಾಹ 0.459ರಿಂದ 0.244 ಆಂಪಿಯರಿಗೆ ಇಳಿಯುತ್ತದೆ. ಚೋಕಿನೊಳಗಿನ ಪ್ರವಾಹ ಒಂದು ಕೂದಲೆಳೆಯಷ್ಟೂ ಬದಲಾಗುವುದಿಲ್ಲ. ನೀರಾವರಿ ಪಂಪ್‌ಸೆಟ್ಟುಗಳಿಗೆ ಕೆಪಾಸಿಟರ್ ಹಾಕಿಸಿ ಎಂದು ವಿದ್ಯುತ್ ಕಂಪನಿಗಳು ಹೇಳುವುದರ ಹಿಂದಿರುವುದೂ ಇದೇ ಲೆಕ್ಕ. ಲಾಭ ಆಗುವುದು ಹೆಚ್ಚಾಗಿ ಲೈನಿಗೆ. ರೈತನಿಗೆ ಸಿಗುವುದು ಕೊನೆಯ ಕಂಬದಲ್ಲಿ ನಾಲ್ಕು ವೋಲ್ಟ್ ಹೆಚ್ಚು.

ಪುಸ್ತಕಗಳು ಬೇರೆ ಬೇರೆ ಅಧ್ಯಾಯಗಳಲ್ಲಿಟ್ಟ ಎರಡು ವಿಧಾನಗಳು ನಿಜಜೀವನದಲ್ಲಿ ಒಂದೇ ಕ್ಷಣದಲ್ಲಿ ಎದುರಾಗುತ್ತವೆ. ಎಸಿಗೆ ಸ್ವಿಚ್ ಹಾಕುವ ಕ್ಷಣವನ್ನು ಯೋಚಿಸಿ. ಫೇಸರ್ ಲೆಕ್ಕ ಆ ಕ್ಷಣಕ್ಕೆ ಪ್ರವಾಹ ಇಷ್ಟಿರಬೇಕು ಎನ್ನುತ್ತದೆ. ಇಂಡಕ್ಟರ್ ಸೊನ್ನೆಯಿಂದಲೇ ಹೊರಡುತ್ತೇನೆ ಎನ್ನುತ್ತದೆ. ಎರಡರ ನಡುವಿನ ಅಂತರವನ್ನು ತುಂಬಲು ಒಂದು ಡಿಸಿ ಪ್ರವಾಹ ಹುಟ್ಟಿ, ಕಾಲಸ್ಥಿರಾಂಕದ ಲೆಕ್ಕದಲ್ಲಿ ಕರಗುತ್ತದೆ. ನಮ್ಮ ರಿಯೋಸ್ಟಾಟ್ ಸರ್ಕ್ಯೂಟಿನಲ್ಲಿ ಅದು 5.8 ಮಿಲಿಸೆಕೆಂಡ್, ಒಂದೂವರೆ ಸೈಕಲ್ಲಿನಲ್ಲಿ ಎಲ್ಲ ಮುಗಿಯುತ್ತದೆ. ವಿದ್ಯುತ್ ಜಾಲದಲ್ಲಿ ಶಾರ್ಟ್ ಸರ್ಕ್ಯೂಟ್ ಆದಾಗ ಇದು ಆಟಿಕೆಯ ವಿಷಯವಲ್ಲ. ಅಲ್ಲಿ ರಿಯಾಕ್ಟೆನ್ಸಿನ ಮುಂದೆ ರೆಸಿಸ್ಟೆನ್ಸ್ ಬಹಳ ಸಣ್ಣದು. ಹೈ ವೋಲ್ಟೇಜ್ ಸರ್ಕ್ಯೂಟ್ ಬ್ರೇಕರುಗಳ ಅಂತರರಾಷ್ಟ್ರೀಯ ಮಾನದಂಡ 45 ಮಿಲಿಸೆಕೆಂಡ್ ಕಾಲಸ್ಥಿರಾಂಕವನ್ನು ಆಧಾರವಾಗಿಟ್ಟುಕೊಂಡು, ಮೊದಲ ಶಿಖರ ಆರ್‌ಎಂಎಸ್ ಪ್ರವಾಹದ 2.5 ಪಟ್ಟು ಬರಬಹುದೆಂದು ಎಣಿಸುತ್ತದೆ. ಬರಿಯ ಫೇಸರ್ ನಂಬಿ 1.41 ಪಟ್ಟಿಗೆ ಬ್ರೇಕರ್ ಕಟ್ಟಿದರೆ ಮೊದಲ ಏಟಿಗೇ ಹಾರಿಹೋಗುತ್ತದೆ.

ಟ್ಯೂಬ್‌ಲೈಟಿನ ಸ್ಟಾರ್ಟರಿನದೂ ಇದೇ ಕಥೆ. ಒಳಗಿನ ಬೈಮೆಟಲ್ ಪಟ್ಟಿ ತಣ್ಣಗಾಗಿ ಬಿಡಿಸಿಕೊಂಡ ಕ್ಷಣದಲ್ಲಿ ಚೋಕಿನ ಪ್ರವಾಹ ಕಡಿದು, ಟ್ಯೂಬಿನ ಮೇಲೆ ವೋಲ್ಟೇಜ್ ಚಿಮ್ಮಿ, ಅನಿಲ ಹೊತ್ತಿಕೊಳ್ಳಬೇಕು. ಆ ಪಟ್ಟಿಗೆ ಸೈಕಲ್ಲಿನ ಹಂಗಿಲ್ಲ. ಯಾವಾಗ ಬೇಕಾದರೂ ಬಿಡುತ್ತದೆ. ಪ್ರವಾಹ ಶಿಖರದಲ್ಲಿದ್ದಾಗ ಬಿಟ್ಟರೆ ಒಂದೇ ಸಲಕ್ಕೆ ಬೆಳಕು, ಸೊನ್ನೆಯ ಹತ್ತಿರ ಬಿಟ್ಟರೆ ಚೋಕಿನಲ್ಲಿ ಶಕ್ತಿಯೇ ಇರುವುದಿಲ್ಲ, ಸ್ಟಾರ್ಟರ್ ಮತ್ತೊಮ್ಮೆ ಪ್ರಯತ್ನಿಸಬೇಕು. ಸಂಜೆ ಹೊತ್ತು ಟ್ಯೂಬು ಮೂರು ನಾಲ್ಕು ಸಲ ಮಿಣುಕಿ ಹತ್ತುತ್ತಿದ್ದುದರಲ್ಲಿ ಒಂದು ಪಾಲು ಬರೀ ಅದೃಷ್ಟದ್ದು.

ಇಷ್ಟು ಹೊತ್ತು ಒಂದು ಪ್ರಶ್ನೆಯನ್ನು ಬದಿಗಿಟ್ಟೆ. ಇಂಡಕ್ಟರಿನ ತುದಿಗಳ ನಡುವಿನ ವೋಲ್ಟೇಜ್ ಎಂದರೆ ನಿಜಕ್ಕೂ ಏನು? ದ್ವಿತೀಯ ಪಿಯು ಭೌತಶಾಸ್ತ್ರದಲ್ಲಿ ಅದಕ್ಕೆ ಮೈನಸ್ ಚಿಹ್ನೆ ಇದೆ, ಎಲೆಕ್ಟ್ರಿಕಲ್ ಪುಸ್ತಕದಲ್ಲಿ ಇಲ್ಲ. ಮೊದಲನೆಯದು ಅದನ್ನು ಹುಟ್ಟುವ ಇಎಂಎಫ್ ಎಂದು ಎಣಿಸುತ್ತದೆ, ಎರಡನೆಯದು ದಾರಿಯಲ್ಲಿ ಇಳಿಯುವ ವೋಲ್ಟೇಜ್ ಎಂದು. ಲೂಪ್ ಸುತ್ತಿ ಬರುವಾಗ ಎರಡೂ ಒಂದೇ ಸಮೀಕರಣವನ್ನು ಕೊಡುತ್ತವೆ. ಆದರೆ ಆಳದಲ್ಲಿ ಒಂದು ಜಗಳವಿದೆ. ತಂತಿಗೆ ರೆಸಿಸ್ಟೆನ್ಸೇ ಇಲ್ಲದ ಆದರ್ಶ ಇಂಡಕ್ಟರಿನ ತಂತಿಯೊಳಗೆ ವಿದ್ಯುತ್ ಕ್ಷೇತ್ರ ಸೊನ್ನೆ. ಹಾಗಾದರೆ ಮೀಟರ್ ಅಳೆದದ್ದು ಏನನ್ನು?

ರಾಬರ್ಟ್ ರೋಮರ್ 1982ರಲ್ಲಿ ಅಮೆರಿಕನ್ ಜರ್ನಲ್ ಆಫ್ ಫಿಸಿಕ್ಸ್‌ನಲ್ಲಿ ಈ ಪ್ರಶ್ನೆಯನ್ನೇ ಕೈಗೆತ್ತಿಕೊಂಡರು. ಎಂಐಟಿಯ ವಾಲ್ಟರ್ ಲೂವಿನ್ ಅದನ್ನು ತಮ್ಮ ತರಗತಿಯಲ್ಲಿ ಪ್ರಸಿದ್ಧಗೊಳಿಸಿದರು. ಫ್ಲಕ್ಸ್ ಬದಲಾಗುತ್ತಿರುವ ಸೊಲೆನಾಯ್ಡಿನ ಸುತ್ತ 100 ಓಮ್ ಮತ್ತು 900 ಓಮ್ ರೆಸಿಸ್ಟರುಗಳ ಒಂದು ಬಳೆ. ಹುಟ್ಟುವ ಇಎಂಎಫ್ 1 ವೋಲ್ಟ್, ಪ್ರವಾಹ 1 ಮಿಲಿಆಂಪಿಯರ್. ಬಳೆಯ ಅದೇ ಎರಡು ಬಿಂದುಗಳಿಗೆ ಎಡದಿಂದ ಒಂದು ವೋಲ್ಟ್‌ಮೀಟರ್, ಬಲದಿಂದ ಒಂದು. ಒಂದು 0.1 ವೋಲ್ಟ್ ತೋರಿಸುತ್ತದೆ, ಇನ್ನೊಂದು ವಿರುದ್ಧ ಚಿಹ್ನೆಯ 0.9. ಬಿಂದುಗಳು ಅವೇ, ಓದುಗಳು ಬೇರೆ! ಕಿರ್ಕಾಫ್ ನಿಯಮ ಇಲ್ಲಿ ಸತ್ತಿತು, ಫ್ಯಾರಡೆಯದನ್ನು ಮಾತ್ರ ನಂಬಿ ಎಂದರು ಲೂವಿನ್. ಎಂಜಿನಿಯರುಗಳು ದೋಷ ಮೀಟರಿನ ವಯರುಗಳದ್ದು ಎಂದರು.

ನನಗೆ ಕಾಣುವಂತೆ, ರಿಚರ್ಡ್ ಫೈನ್‌ಮನ್ ತಮ್ಮ ಉಪನ್ಯಾಸಗಳ ಎರಡನೆಯ ಸಂಪುಟದಲ್ಲಿ ಇಟ್ಟ ಷರತ್ತು ಇದನ್ನು ಸಾಕಷ್ಟು ಇತ್ಯರ್ಥ ಮಾಡುತ್ತದೆ: ಬದಲಾಗುವ ಫ್ಲಕ್ಸ್ ಇಂಡಕ್ಟರಿನ ಒಳಗೇ ಉಳಿದು ಹೊರಗೆ ಇಲ್ಲದಂತಿದ್ದರೆ, ಹೊರಗಿನ ಯಾವ ದಾರಿಯಲ್ಲಿ ಅಳೆದರೂ ತುದಿಗಳ ವೋಲ್ಟೇಜ್ ಒಂದೇ. ಚೋಕಿನ ಫ್ಲಕ್ಸ್ ಬಹುಪಾಲು ಕಬ್ಬಿಣದ ಪಟ್ಟಿಗಳೊಳಗೆ ಬಂದಿಯಾಗಿರುತ್ತದೆ, ಆದ್ದರಿಂದ ನಮ್ಮ 203 ವೋಲ್ಟಿಗೆ ಅರ್ಥವಿದೆ. ಲೂವಿನರ ಬಳೆಯಲ್ಲಿ ಫ್ಲಕ್ಸ್ ಸರ್ಕ್ಯೂಟಿನ ಅಂಗಳದಲ್ಲೇ ಇದೆ; ಅದನ್ನು ಯಾವ ಪೆಟ್ಟಿಗೆಯಲ್ಲೂ ಮುಚ್ಚಿಟ್ಟಿಲ್ಲ. ಸಂಶಯವಿದ್ದವರು ಮೀಟರಿನ ವಯರನ್ನು ಚೋಕಿನ ಕೋರಿಗೆ ಎರಡು ಸುತ್ತು ಸುತ್ತಿ ಅಳೆದು ನೋಡಲಿ. ತುದಿ ಮುಟ್ಟಿದ ಜಾಗ ಅದೇ ಆಗಿದ್ದರೂ ಓದು ಬದಲಾಗುತ್ತದೆ. ಹಾಗಾಗಿ ಲೆಕ್ಕ ಶುರುಮಾಡುವ ಮೊದಲು ಕೇಳಬೇಕಾದದ್ದು ಫ್ಲಕ್ಸ್ ಎಲ್ಲಿದೆ ಎಂಬುದನ್ನು. ಈ ಮಾತನ್ನು ಮೊದಲ ವರ್ಷದಲ್ಲೇ ಹೇಳಬಹುದು, ಹೇಳುವುದಿಲ್ಲ.

ಕಂಪ್ಯೂಟರ್ ಇದನ್ನೆಲ್ಲ ಅನಾವಶ್ಯಕವಾಗಿಸಿದೆಯೇ? 1973ರಲ್ಲಿ ಬರ್ಕ್ಲಿಯಲ್ಲಿ ಹುಟ್ಟಿದ ಸ್ಪೈಸ್ ಎಂಬ ತಂತ್ರಾಂಶ ಮತ್ತು ಅದರ ಮಕ್ಕಳು ಮರಿಗಳು ಯಾವ ಸರ್ಕ್ಯೂಟನ್ನಾದರೂ ಕ್ಷಣ ಕ್ಷಣಕ್ಕೆ ಲೆಕ್ಕ ಹಾಕಿ ರೇಖೆ ಬಿಡಿಸುತ್ತವೆ. ನಾನಂತೂ ಬಳಸುತ್ತೇನೆ. ಆದರೆ ಆದರ್ಶ ಇಂಡಕ್ಟರನ್ನು ನೇರ ಬ್ಯಾಟರಿಗೆ ಹಚ್ಚಿದರೆ ಆ ತಂತ್ರಾಂಶ ತಕರಾರು ತೆಗೆಯುತ್ತದೆ, ಏಕೆಂದರೆ ನೆಲೆ ನಿಂತ ಸ್ಥಿತಿಯಲ್ಲಿ ಅದು ಶಾರ್ಟ್ ಸರ್ಕ್ಯೂಟ್; ಅದಕ್ಕೆ ಅಂತ್ಯವೇ ಇಲ್ಲ. ಆದಿ ಅಂತ್ಯ ತಲೆಯಲ್ಲಿ ಲೆಕ್ಕ ಹಾಕಿದವನಿಗೆ ಆ ತಕರಾರು ಅರ್ಥವಾಗುತ್ತದೆ, ಉಳಿದವರು ಮಿಲಿಓಮ್ ಸೇರಿಸಿ ಮುಂದೆ ಹೋಗುತ್ತಾರೆ.

ತಾಮ್ರದ ಚೋಕುಗಳು ಈಗ ಗುಜರಿ ಅಂಗಡಿ ಸೇರಿವೆ. ಅವುಗಳ ಜಾಗಕ್ಕೆ ಬಂದ ಎಲ್‌ಇಡಿ ಬಲ್ಬುಗಳ ಹೆಚ್ಚಿನ ಡ್ರೈವರುಗಳಲ್ಲೂ ಇಂಡಕ್ಟರ್ ಇದೆ, ಬೆರಳ ತುದಿಯಷ್ಟು ಫೆರೈಟ್. ಸೆಕೆಂಡಿಗೆ ಹತ್ತಾರು ಸಾವಿರ ಸಲ ಸ್ವಿಚ್ ಹಾಕಿ ತೆಗೆಯುವುದರಿಂದ 1 ಮಿಲಿಹೆನ್ರಿ ಸಾಕಾಗುತ್ತದೆ. ಅದರ ಮೇಲೆ 60 ವೋಲ್ಟನ್ನು 5 ಮೈಕ್ರೋಸೆಕೆಂಡ್ ಇಟ್ಟರೆ ಪ್ರವಾಹ 0.3 ಆಂಪಿಯರ್ ಏರುತ್ತದೆ. ತಂತಿಯ ರೆಸಿಸ್ಟೆನ್ಸ್ 1 ಓಮ್ ಎಂದರೆ ಕಾಲಸ್ಥಿರಾಂಕ 1 ಮಿಲಿಸೆಕೆಂಡ್. 5 ಮೈಕ್ರೋಸೆಕೆಂಡ್ ಅದರ ಇನ್ನೂರರಲ್ಲಿ ಒಂದು ಪಾಲು. ಹೆಲ್ಮ್‌ಹೋಲ್ಟ್ಸರ ವಕ್ರರೇಖೆಯ ಅಷ್ಟು ಸಣ್ಣ ತುಣುಕು ಸರಳರೇಖೆಯೇ. ಹೀಗಾಗಿ ಪವರ್ ಎಲೆಕ್ಟ್ರಾನಿಕ್ಸಿನವರು ಘಾತೀಯ ಸೂತ್ರವನ್ನಾಗಲಿ ಫೇಸರನ್ನಾಗಲಿ ಮುಟ್ಟುವುದಿಲ್ಲ. ಏರುವಾಗಿನ ವೋಲ್ಟ್–ಸೆಕೆಂಡ್ ಇಳಿಯುವಾಗಿನದಕ್ಕೆ ಸಮ ಇರಬೇಕು ಎಂಬ ಒಂದೇ ಜಮಾಖರ್ಚಿನಲ್ಲಿ ಕೆಲಸ ಮುಗಿಸುತ್ತಾರೆ. ಅವರಿಗೆ ಭಯ ಬೇರೆ. ಪ್ರವಾಹ ಮಿತಿ ಮೀರಿದರೆ ಫೆರೈಟ್ ಇನ್ನಷ್ಟು ಕಾಂತತ್ವ ಹೊರಲಾರದೆ ಕೈಚೆಲ್ಲುತ್ತದೆ, ಇಂಡಕ್ಟೆನ್ಸ್ ಒಮ್ಮೆಲೇ ಕುಸಿಯುತ್ತದೆ, ಆಸಿಲೋಸ್ಕೋಪಿನ ಮೇಲೆ ಓರೆಯಾಗಿ ಏರುತ್ತಿದ್ದ ಗೆರೆ ಕೊನೆಯಲ್ಲಿ ಬಾಗಿ ನೆಟ್ಟಗೆ ಮೇಲಕ್ಕೆ ಹೋಗುತ್ತದೆ. ಮುಂದಿನ ಕೆಲವು ಮೈಕ್ರೋಸೆಕೆಂಡಿನಲ್ಲಿ ಸ್ವಿಚ್ ಆಫ್ ಆಗದಿದ್ದರೆ ಟ್ರಾನ್ಸಿಸ್ಟರ್ ಹೋಗುತ್ತದೆ. ಅದಕ್ಕೇ ಹೊಸ ಡ್ರೈವರ್ ಬೋರ್ಡು ಮೇಜಿಗೆ ಬಂದಾಗ ಅನುಭವಿ ಡಿಸೈನರುಗಳು ಎಲ್ಲಕ್ಕಿಂತ ಮೊದಲು ಆ ಗೆರೆಯ ಕೊನೆಯ ತುದಿಯನ್ನೇ ದೊಡ್ಡದು ಮಾಡಿ ನೋಡುತ್ತಾರೆ.